ಹತ್ತಿರದ ಹೊಲ ಯಾವುದು? ಸಂಖ್ಯಾಶಾಸ್ತ್ರದಲ್ಲಿ ಸಾಮೀಪ್ಯದ ಅಳತೆ ಮತ್ತು ಹೋಲಿಕೆ

ಬೇರೊಂದು ಊರಿನ ಹೊಲದಲ್ಲಿ ಚೆನ್ನಾಗಿ ಬಂದ ತಳಿಯನ್ನು ಕಂಡು ಮುಂದಿನ ಹಂಗಾಮಿಗೆ ಅದರ ಬೀಜ ತರುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ವಿಸ್ತರಣಾ ಕಾರ್ಯಕರ್ತರೂ ಒಂದು ಕೇಂದ್ರದಲ್ಲಿ ನಡೆದ ಪ್ರಯೋಗದ ಫಲಿತಾಂಶವನ್ನು ಆಧಾರವಾಗಿಟ್ಟುಕೊಂಡು ಸುತ್ತಲಿನ ಹಳ್ಳಿಗಳಿಗೆ ಶಿಫಾರಸು ಮಾಡುತ್ತಾರೆ. ಎರಡರ ಹಿಂದೆಯೂ ಒಂದೇ ನಂಬಿಕೆಯಿದೆ: ಆ ಹೊಲ ನಮ್ಮ ಹೊಲಕ್ಕೆ ಹತ್ತಿರವಾದುದು. ಈ ಹತ್ತಿರವು ರಸ್ತೆಯ ಕಿಲೋಮೀಟರುಗಳಲ್ಲಿಯೋ, ಮಣ್ಣಿನಲ್ಲಿಯೋ, ಮಳೆಯಲ್ಲಿಯೋ, ನೀರಿನ ಮೂಲದಲ್ಲಿಯೋ ಎಂಬುದನ್ನು ನಾವು ಕೇಳಿಕೊಳ್ಳುವುದು ಕಡಿಮೆ. ಕೇಳದೆ ಬಿಟ್ಟ ಈ ಪ್ರಶ್ನೆಗೆ ಒಂದು ಹಂಗಾಮಿನ ಬೀಜ, ಗೊಬ್ಬರ ಮತ್ತು ದುಡಿಮೆಯ ಬೆಲೆ ತೆರಬೇಕಾಗಬಹುದು.

ಕೊಪ್ಪಳ ಜಿಲ್ಲೆಯನ್ನೇ ನೋಡಿ. ಕರ್ನಾಟಕದ 10 ಕೃಷಿ ಹವಾಮಾನ ವಲಯಗಳಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ನಾಲ್ಕೂ ಮೂರನೆಯದಾದ ಉತ್ತರ ಒಣ ವಲಯಕ್ಕೆ ಸೇರಿವೆ. ಆದರೆ 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿರುವ ಗಂಗಾವತಿಯ ಭಾಗ ಭತ್ತದ ನಾಡಾಯಿತು. ಕುಷ್ಟಗಿ ಮತ್ತು ಯಲಬುರ್ಗಾಗಳ ಬಹುಪಾಲು ಹೊಲಗಳು ಸಜ್ಜೆ, ಜೋಳ, ಮೆಕ್ಕೆಜೋಳ, ಹೆಸರು, ಕಡಲೆ, ಶೇಂಗಾಗಳನ್ನು ನೆಚ್ಚಿಕೊಂಡು ಇಂದಿಗೂ ಮುಗಿಲಿನತ್ತ ನೋಡುತ್ತಿವೆ. ಬೇಸಾಯದ ದೃಷ್ಟಿಯಿಂದ ಕಾಲುವೆಯ ಗಂಗಾವತಿಗೆ ಪಕ್ಕದ ಕುಷ್ಟಗಿಗಿಂತ ರಾಯಚೂರು ಜಿಲ್ಲೆಯ ಸಿಂಧನೂರು, ಬಳ್ಳಾರಿ ಜಿಲ್ಲೆಯ ಸಿರುಗುಪ್ಪಗಳೇ ಹತ್ತಿರ. ಕುಷ್ಟಗಿಯ ಒಣಬೇಸಾಯಗಾರರು ಹುನಗುಂದ, ಇಳಕಲ್ ಕಡೆಯ ಅನುಭವವನ್ನು ವಿಚಾರಿಸಿದರೆ ಹೆಚ್ಚು ಪ್ರಯೋಜನ. ಒಂದೇ ವಲಯ ಎಂಬ ಮಾತು ಆರಂಭದ ಸೂಚನೆ ಮಾತ್ರ; ಅಳತೆ ಅದರ ನಂತರದ ಕೆಲಸ.

ಇಲ್ಲಿ ಒಂದು ಎಚ್ಚರಿಕೆ ಸೇರಿಸಬೇಕು. ಕಾರಟಗಿ ಮತ್ತು ಕನಕಗಿರಿ ಗಂಗಾವತಿಯಿಂದಲೂ ಕುಕನೂರು ಯಲಬುರ್ಗಾದಿಂದಲೂ ಬೇರ್ಪಟ್ಟು ಹೊಸ ತಾಲ್ಲೂಕುಗಳಾಗಿವೆ. ಹಳೆಯ ಅಂಕಿಅಂಶಗಳು ಹಳೆಯ ನಾಲ್ಕು ತಾಲ್ಲೂಕುಗಳ ಗಡಿಯಂತೆ ಇವೆ. ಹಿಂದಿನ ಗಂಗಾವತಿಯ ಸರಾಸರಿಯನ್ನು ಈಗಿನ ಗಂಗಾವತಿಯ ಸರಾಸರಿಯೊಡನೆ ಹೋಲಿಸುವ ಮೊದಲು ಎರಡೂ ಒಂದೇ ಭೂಭಾಗವನ್ನು ಹೇಳುತ್ತಿವೆಯೇ ಎಂದು ವಿಸ್ತರಣಾ ಕಾರ್ಯಕರ್ತರು ಖಚಿತಪಡಿಸಿಕೊಳ್ಳಬೇಕು.

ಅಂತರದ ಸರಳ ಲೆಕ್ಕ ಮತ್ತು ಅದರ ಮೋಸ

ಸಂಖ್ಯಾಶಾಸ್ತ್ರದಲ್ಲಿ ಸಾಮೀಪ್ಯವನ್ನು ಸಾಮಾನ್ಯವಾಗಿ ಅಂತರದ ಮೂಲಕ ಅಳೆಯುತ್ತಾರೆ. ಅಂತರ ಕಡಿಮೆಯಾದಷ್ಟೂ ಸಾಮೀಪ್ಯ ಹೆಚ್ಚು. ಒಂದೇ ಗುಣವನ್ನು ಹೋಲಿಸುವಾಗ ಇದು ಕೇವಲ ಕಳೆಯುವ ಲೆಕ್ಕ. ಎರಡು ಅಥವಾ ಹೆಚ್ಚು ಗುಣಗಳಿದ್ದಾಗ ಪ್ರತಿಯೊಂದು ಗುಣದ ವ್ಯತ್ಯಾಸವನ್ನು ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯುವುದು ರೂಢಿ. ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯವೇ ಇದು.

ಲೆಕ್ಕಕ್ಕಾಗಿ ಮೂರು ಹೊಲಗಳನ್ನು ಕಲ್ಪಿಸಿಕೊಳ್ಳಿ. ಮೊದಲನೆಯದು ನಿಮ್ಮ ಹೊಲ: ವಾರ್ಷಿಕ ಮಳೆ 560 ಮಿ.ಮೀ., ಮಣ್ಣಿನ ಲವಣಾಂಶವನ್ನು ತೋರಿಸುವ ವಿದ್ಯುತ್ ವಾಹಕತೆ ಪ್ರತಿ ಮೀಟರಿಗೆ 1 ಡೆಸಿಸೀಮನ್ಸ್. ಎರಡನೆಯ ಹೊಲದಲ್ಲಿ ಮಳೆ 580 ಮಿ.ಮೀ., ವಾಹಕತೆ 6. ಮೂರನೆಯದರಲ್ಲಿ ಮಳೆ 620 ಮಿ.ಮೀ., ವಾಹಕತೆ 1.2. ಸರಳ ಲೆಕ್ಕದಂತೆ ನಿಮ್ಮ ಹೊಲದಿಂದ ಎರಡನೆಯದರ ಅಂತರ 20.6, ಮೂರನೆಯದರ ಅಂತರ 60. ಹಾಗಾದರೆ ಎರಡನೆಯದೇ ನಿಮಗೆ ಹತ್ತಿರವೇ?

ಅಲ್ಲ. ಮಣ್ಣಿನ ಸಂತೃಪ್ತ ದ್ರಾವಣದ ವಾಹಕತೆ 4 ಡೆಸಿಸೀಮನ್ಸ್ ದಾಟಿದರೆ ಅದನ್ನು ಲವಣಯುಕ್ತ ಮಣ್ಣೆಂದು ಪರಿಗಣಿಸುತ್ತಾರೆ. ಎರಡನೆಯ ಹೊಲ ಸವಳು ಹಿಡಿದ ಭೂಮಿ. ಅಲ್ಲಿ ಬೆಳೆದ ಭತ್ತದ ಅನುಭವ ನಿಮಗೆ ಹೊಂದುವುದಿಲ್ಲ. ನಿಮ್ಮ ಕಡಲೆಯ ಅನುಭವ ಅವರಿಗೆ ಹೊಂದುವುದಿಲ್ಲ. ಮಳೆಯನ್ನು ನೂರಾರು ಅಂಕಿಗಳಲ್ಲಿಯೂ ಲವಣವನ್ನು ಒಂದೆರಡು ಅಂಕಿಗಳಲ್ಲಿಯೂ ಬರೆಯುವ ರೂಢಿಯಿಂದಾಗಿ ಲೆಕ್ಕದಲ್ಲಿ ಮಳೆಯೊಂದೇ ಮಾತಾಡಿತು, ಲವಣ ಮೂಕವಾಯಿತು.

ಇದಕ್ಕೆ ಪರಿಹಾರವೆಂದರೆ ಪ್ರತಿ ಗುಣದ ವ್ಯತ್ಯಾಸವನ್ನು ಆ ಗುಣದ ಮಾನಕ ವಿಚಲನೆಯಿಂದ ಭಾಗಿಸುವುದು. ಒಂದು ಪ್ರದೇಶದ ಹೊಲಗಳಲ್ಲಿ ಆ ಗುಣವು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಚದುರಿರುತ್ತದೆ ಎಂಬುದೇ ಮಾನಕ ವಿಚಲನೆ. ನಮ್ಮ ಉದಾಹರಣೆಯಲ್ಲಿ ಮಳೆಗೆ 120 ಮಿ.ಮೀ., ವಾಹಕತೆಗೆ 2 ಎಂದು ಇಟ್ಟುಕೊಳ್ಳೋಣ. ಆಗ ಎರಡನೆಯ ಹೊಲದ ಅಂತರ 2.51 ಆಗುತ್ತದೆ, ಮೂರನೆಯದು 0.51. ಹತ್ತಿರವೆಂದು ಕಂಡ ಹೊಲ ಐದು ಪಟ್ಟು ದೂರ ಸರಿಯಿತು. ಹೊಲಗಳು ಅವೇ, ಅಂಕಿಗಳೂ ಅವೇ. ಬದಲಾದುದು ಅಳತೆಗೋಲು ಮಾತ್ರ.

ಗಂಗಾವತಿ ಕಡೆಯವರಿಗೆ ಈ ಉದಾಹರಣೆಯನ್ನು ವಿವರಿಸಬೇಕಾಗಿಲ್ಲ. ಅಚ್ಚುಕಟ್ಟಿನ ಸವಳು–ಜವಳು ಸಮಸ್ಯೆ ಅವರ ಕಣ್ಣೆದುರಿಗಿದೆ. ಲವಣಬಾಧಿತ ಮಣ್ಣಿನ ನಿರ್ವಹಣೆಯ ಕುರಿತು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಹುಕಾಲದಿಂದ ಸಂಶೋಧನೆ ನಡೆಯುತ್ತಿರುವುದೂ ಇದೇ ಕಾರಣಕ್ಕೆ. ಒಂದೇ ಕಾಲುವೆಯ ಒಂದೇ ತೂಬಿನ ಕೆಳಗಿರುವ ಎರಡು ಗದ್ದೆಗಳಲ್ಲಿ ಬದುವಿನ ಈಚೆಗೆ ಬೆಳೆ ಹಸಿರಾಗಿದ್ದು ಆಚೆಗೆ ಬಿಳಿ ಪೊರೆ ಕಟ್ಟಿದ್ದರೆ, ಅಲ್ಲಿ ಬದುವಿನ ಅಗಲವು ಅಂತರದ ಅಳತೆಯಾಗಲಾರದು.

ಯಾವ ಬೆಳೆಗಾಗಿ ಹೋಲಿಕೆ ಎಂಬುದನ್ನೂ ಮೊದಲೇ ನಿರ್ಧರಿಸಬೇಕು. ಸಂಗ್ರಹಿತ ತೇವದ ಮೇಲೆ ಹಿಂಗಾರಿನಲ್ಲಿ ಬೆಳೆಯುವ ಕಡಲೆಗೆ ಎರೆಯ ಆಳ ಮುಖ್ಯ. ಮಸಾರಿಯಲ್ಲಿ ಮುಂಗಾರಿಗೆ ಬಿತ್ತುವ ಸಜ್ಜೆಗೆ ಜೂನ್–ಜುಲೈ ತಿಂಗಳ ಮಳೆಯ ಹಂಚಿಕೆ ಮುಖ್ಯ. ಆದುದರಿಂದ ಎರಡು ಹೊಲಗಳು ಸಜ್ಜೆಗೆ ಹತ್ತಿರವಾಗಿದ್ದು ಕಡಲೆಗೆ ದೂರವಾಗಿರಬಹುದು. ಯಲಬುರ್ಗಾದಲ್ಲಿ ಒಂದೇ ಊರಿನ ಸೀಮೆಯೊಳಗೆ ಎರೆಯೂ ಮಸಾರಿಯೂ ಇರುವಾಗ, ಊರಿನ ಹೆಸರನ್ನು ಹೇಳಿ ಹೋಲಿಕೆ ಮುಗಿಸುವುದು ಸಲ್ಲದು.

ಜೊತೆಯಾಗಿ ಬದಲಾಗುವ ಗುಣಗಳು: ಮಹಾಲನೋಬಿಸ್ ಅಂತರ

ಮಾನಕ ವಿಚಲನೆಯಿಂದ ಭಾಗಿಸಿದರೂ ಒಂದು ಕೊರತೆ ಉಳಿಯುತ್ತದೆ. ಹಲವು ಗುಣಗಳು ಪರಸ್ಪರ ಕೈಹಿಡಿದು ನಡೆಯುತ್ತವೆ. ಮಳೆ ಹೆಚ್ಚಿದ ವರ್ಷ ಮಳೆದಿನಗಳೂ ಹೆಚ್ಚಿರುತ್ತವೆ. ಎತ್ತರ ಬೆಳೆದ ಗಿಡದ ಒಣಮೇವೂ ಹೆಚ್ಚಿರುತ್ತದೆ. ಇಂತಹ ಗುಣಗಳನ್ನು ಬೇರೆಬೇರೆಯೆಂದು ಎಣಿಸಿದರೆ ಒಂದೇ ಸಂಗತಿಯನ್ನು ಎರಡು ಬಾರಿ ಎಣಿಸಿದಂತಾಗುತ್ತದೆ.

ಈ ತೊಡಕನ್ನು ಬಿಡಿಸಿದವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪಿ.ಸಿ. ಮಹಾಲನೋಬಿಸ್. ಕಲ್ಕತ್ತೆಯಲ್ಲಿ ಮನುಷ್ಯರ ದೇಹದ ಅಳತೆಗಳನ್ನು ಹೋಲಿಸುತ್ತ ಅವರು ರೂಪಿಸಿದ ಅಂತರದ ಪೂರ್ಣ ವಿವರಣೆ 1936ರಲ್ಲಿ ಪ್ರಕಟವಾಯಿತು. ಸಂಶೋಧನಾ ವರದಿಗಳಲ್ಲಿ ಇದು ‘ಡಿ ವರ್ಗ’ ಎಂದು ಕಾಣಿಸುತ್ತದೆ.

ಈ ವಿಧಾನವನ್ನು ಮುಂದಕ್ಕೆ ಒಯ್ದವರಲ್ಲಿ ಪ್ರಮುಖರು ನಮ್ಮ ನೆರೆಯಲ್ಲೇ ಹುಟ್ಟಿದವರು. ತುಂಗಭದ್ರೆಯ ಆಚೆಯ ಹೂವಿನಹಡಗಲಿಯಲ್ಲಿ 1920ರ ಸೆಪ್ಟೆಂಬರ್ 10ರಂದು ಜನಿಸಿದ ಸಿ.ಆರ್. ರಾವ್ ಅವರು ಮಹಾಲನೋಬಿಸ್ ಅವರ ಸಂಸ್ಥೆಯನ್ನು ಸೇರಿ, 1946ರಲ್ಲಿ ಕೇಂಬ್ರಿಜ್‌ಗೆ ತೆರಳಿದರು. ಅಲ್ಲಿ ಸುಡಾನಿನ ಜೆಬೆಲ್ ಮೋಯಾ ಎಂಬಲ್ಲಿ ದೊರೆತ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ಇದೇ ಅಂತರದಿಂದ ವಿಶ್ಲೇಷಿಸಿದರು. ಅಂತರದ ಆಧಾರದಲ್ಲಿ ಹತ್ತಿರದವುಗಳನ್ನು ಒಂದೊಂದು ಗುಂಪಾಗಿಸುವ ಟೋಚರ್ ವಿಧಾನ ಅವರ 1952ರ ಗ್ರಂಥದ ಮೂಲಕ ಭಾರತದ ಸಸ್ಯತಳಿ ವಿಜ್ಞಾನಿಗಳ ಕೈಗೆ ಬಂದಿತು. ಅವರು 2023ರಲ್ಲಿ, 102ನೆಯ ವಯಸ್ಸಿನಲ್ಲಿ ನಿಧನರಾದರು. ತಳಿ ಅಭಿವೃದ್ಧಿಯ ಪ್ರಬಂಧಗಳಲ್ಲಿ ‘ತಳಿಗಳನ್ನು ಇಷ್ಟು ಗುಂಪುಗಳಾಗಿ ವಿಂಗಡಿಸಲಾಗಿದೆ’ ಎಂಬ ವಾಕ್ಯ ಕಂಡಾಗ ಅದರ ಬೇರು ಬಹುಮಟ್ಟಿಗೆ ಇಲ್ಲಿದೆ. ತಳಿ ವಿಜ್ಞಾನಿಗಳು ಈ ಅಂತರವನ್ನು ಬಳಸುವ ಬಗೆ ರೈತರ ಬಳಕೆಗೆ ವಿರುದ್ಧವಾದುದು: ಒಳ್ಳೆಯ ಸಂಕರಣ ದೊರೆಯಲೆಂದು ಅವರು ಗುಣದಲ್ಲಿ ಉತ್ತಮವಾಗಿದ್ದು ಪರಸ್ಪರ ದೂರವಿರುವ ತಾಯಿ–ತಂದೆ ತಳಿಗಳನ್ನು ಹುಡುಕುತ್ತಾರೆ, ಬೀಜ ತರುವ ರೈತರು ತಮ್ಮ ಹೊಲಕ್ಕೆ ಹತ್ತಿರದ ಹೊಲವನ್ನು ಹುಡುಕಬೇಕು.

ಲೆಕ್ಕ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಮತ್ತೊಂದು ಕಲ್ಪಿತ ಉದಾಹರಣೆ. ನಿಮ್ಮ ಊರಿನ ಮಳೆ ಮತ್ತು ಮಳೆದಿನಗಳ ಸರಾಸರಿಯನ್ನು ಎರಡು ಊರುಗಳೊಡನೆ ಹೋಲಿಸುತ್ತಿದ್ದೀರಿ. ಮೊದಲ ಊರಿನಲ್ಲಿ ಮಳೆ ಒಂದು ಮಾನಕ ವಿಚಲನೆಯಷ್ಟು ಹೆಚ್ಚು, ಮಳೆದಿನಗಳೂ ಅಷ್ಟೇ ಹೆಚ್ಚು. ಎರಡನೆಯ ಊರಿನಲ್ಲಿ ಮಳೆ ಅಷ್ಟೇ ಹೆಚ್ಚು, ಆದರೆ ಮಳೆದಿನಗಳು ಒಂದು ಮಾನಕ ವಿಚಲನೆಯಷ್ಟು ಕಡಿಮೆ. ಸರಳ ಲೆಕ್ಕದಲ್ಲಿ ಎರಡೂ ಊರುಗಳ ಅಂತರ 1.41, ಅಂದರೆ ಸಮ. ಈಗ ಮಳೆ ಮತ್ತು ಮಳೆದಿನಗಳ ಸಹಸಂಬಂಧ 0.8 ಎಂದು ಲೆಕ್ಕಕ್ಕೆ ಸೇರಿಸಿದರೆ ಮಹಾಲನೋಬಿಸ್ ಅಂತರ ಮೊದಲ ಊರಿಗೆ 1.05, ಎರಡನೆಯದಕ್ಕೆ 3.16.

ಇದನ್ನು ಹೊಲದ ಭಾಷೆಯಲ್ಲಿ ಓದಿ. ಮೊದಲ ಊರಿನಲ್ಲಿ ನಿಮ್ಮಲ್ಲಿಯಂತೆಯೇ, ಸ್ವಲ್ಪ ಧಾರಾಳವಾಗಿ ಮಳೆಯಾಗುತ್ತದೆ. ಎರಡನೆಯ ಊರಿನಲ್ಲಿ ಹೆಚ್ಚಿನ ಮಳೆ ಕೆಲವೇ ದಿನಗಳಲ್ಲಿ ಸುರಿದು, ಹಳ್ಳಕ್ಕೆ ಹರಿದು, ಮಧ್ಯೆ ದೀರ್ಘ ಒಣಹವೆ ಉಳಿಯುತ್ತದೆ. ಅಲ್ಲಿಗೆ ಒಡ್ಡು, ಬದು, ಕೃಷಿಹೊಂಡಗಳ ಬೇಸಾಯ ಬೇಕು. ವಾರ್ಷಿಕ ಮಳೆಯ ಮೊತ್ತ ಒಂದೇ ಎಂದು ಇವೆರಡನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದು ತಪ್ಪು.

ಆದರೆ ಈ ವಿಧಾನಕ್ಕೆ ಸಾಕಷ್ಟು ದತ್ತಾಂಶ ಬೇಕು. ನಾಲ್ಕೈದು ವರ್ಷಗಳ ಅಂಕಿಗಳಿಂದ ಐದಾರು ಗುಣಗಳ ಸಹಸಂಬಂಧ ಕಟ್ಟಿ ಮಹಾಲನೋಬಿಸ್ ಅಂತರ ತೆಗೆಯುವುದಕ್ಕಿಂತ, ಎರಡು ಮುಖ್ಯ ಗುಣಗಳನ್ನಷ್ಟೇ ಆರಿಸಿ ಸರಳ ಲೆಕ್ಕ ಮಾಡುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಕಂಪ್ಯೂಟರು ಎಷ್ಟು ಕಡಿಮೆ ಅಂಕಿ ಕೊಟ್ಟರೂ ಏನಾದರೊಂದು ಉತ್ತರ ಕೊಡುತ್ತದೆ, ಅದೇ ಅಪಾಯ.

ಒಟ್ಟಿಗೆ ಏರಿಳಿದರೆ ಹತ್ತಿರವೇ?

ಸಹಸಂಬಂಧವು 1ಕ್ಕೆ ಸಮೀಪವಿದ್ದರೆ ಎರಡು ಅಳತೆಗಳು ಹೊಂದುತ್ತವೆ ಎಂಬ ತಪ್ಪು ತಿಳಿವಳಿಕೆ ವಿದ್ಯಾವಂತರಲ್ಲಿಯೂ ಇದೆ. ಹೊಲದಲ್ಲಿ ನೀವೇ ಇಟ್ಟ ಮಳೆಮಾಪಕ ಮತ್ತು ಪಂಚಾಯಿತಿಯ ಸ್ವಯಂಚಾಲಿತ ಮಳೆಮಾಪಕವನ್ನು ಐದು ಮಳೆಗಳಲ್ಲಿ ಹೋಲಿಸಿದಿರೆನ್ನಿ. ಪಂಚಾಯಿತಿಯದು 4, 12, 30, 8, 16 ಮಿ.ಮೀ. ತೋರಿಸಿತು, ನಿಮ್ಮದು 2, 6, 15, 4, 8. ಇವುಗಳ ಸಹಸಂಬಂಧ ಸರಿಯಾಗಿ 1. ಆದರೂ ನಿಮ್ಮ ಒಟ್ಟು ಮಳೆ 35 ಮಿ.ಮೀ., ಅವರದು 70. ಸಹಸಂಬಂಧ ಹೇಳುವುದು ಒಟ್ಟಿಗೆ ಏರುತ್ತವೆ, ಇಳಿಯುತ್ತವೆ ಎಂಬುದನ್ನಷ್ಟೇ. ಎರಡೂ ಒಂದೇ ಮಾತು ಹೇಳುತ್ತವೆ ಎಂದಲ್ಲ. ಅದನ್ನು ತಿಳಿಯಲು ಪ್ರತಿ ಮಳೆಯ ವ್ಯತ್ಯಾಸವನ್ನು ಬರೆದು ಸರಾಸರಿ ನೋಡಬೇಕು. ಇಲ್ಲಿ ಸರಾಸರಿ 7 ಮಿ.ಮೀ. ಕೊರತೆಯಿದೆ. ಮಾಪಕದ ಬಾಯಿಗೆ ಮರದ ಕೊಂಬೆ ಅಡ್ಡವಿದೆಯೇ, ಅಳೆಯುವ ಜಾಡಿ ಆ ಮಾಪಕದ್ದೇ ಆಗಿದೆಯೇ ಎಂದು ಮೊದಲು ಪರೀಕ್ಷಿಸಿ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಹವಾಮಾನ ಇಲಾಖೆಯ ಮಳೆದಿನ ಬೆಳಿಗ್ಗೆ 8:30ರಿಂದ ಮರುದಿನ ಬೆಳಿಗ್ಗೆ 8:30ರವರೆಗೆ. ಆ ಅವಧಿಯಲ್ಲಿ ಬಿದ್ದ ಮಳೆಯನ್ನು ಮರುದಿನದ ತಾರೀಖಿಗೆ ಬರೆಯುತ್ತಾರೆ. ರಾತ್ರಿ ಬಿದ್ದ ಮಳೆಯನ್ನು ನೀವು ಆ ರಾತ್ರಿಯ ತಾರೀಖಿಗೆ ಬರೆದರೆ ತಿಂಗಳ ಮೊತ್ತ ಸರಿಹೊಂದುತ್ತದೆ, ಆದರೆ ದಿನವಾರು ಅಂತರ ಬಹಳ ದೊಡ್ಡದಾಗಿ ಕಾಣುತ್ತದೆ. ಮಾಪಕದಲ್ಲಿ ದೋಷವಿಲ್ಲ, ದೋಷ ಡೈರಿಯಲ್ಲಿದೆ.

ಇದೆ ಅಥವಾ ಇಲ್ಲ ಎಂಬ ಪಟ್ಟಿಗಳ ಹೋಲಿಕೆ

ಬೆಳೆ, ಕಳೆ, ಕೀಟಗಳಂತಹ ಪಟ್ಟಿಗಳಿಗೆ ಕಳೆಯುವ ಲೆಕ್ಕ ಹೊಂದುವುದಿಲ್ಲ. ಆಲ್ಪ್ಸ್ ಪರ್ವತದ ಸಸ್ಯಗಳನ್ನು ಹೋಲಿಸಲು ಸ್ವಿಟ್ಜರ್ಲೆಂಡಿನ ಸಸ್ಯಶಾಸ್ತ್ರಜ್ಞ ಪಾಲ್ ಜಕಾರ್ 1901ರ ಸುಮಾರಿಗೆ ಬಳಸಿದ ಸೂಚ್ಯಂಕ ಇಲ್ಲಿ ಸಾಕು: ಎರಡರಲ್ಲಿಯೂ ಇರುವವುಗಳ ಸಂಖ್ಯೆಯನ್ನು, ಯಾವುದಾದರೂ ಒಂದರಲ್ಲಿ ಇರುವ ಎಲ್ಲವುಗಳ ಸಂಖ್ಯೆಯಿಂದ ಭಾಗಿಸಿ. ಒಂದು ಊರಿನಲ್ಲಿ ಜೋಳ, ಕಡಲೆ, ಸೂರ್ಯಕಾಂತಿ, ಮೆಕ್ಕೆಜೋಳ, ಹೆಸರು. ಇನ್ನೊಂದರಲ್ಲಿ ಸಜ್ಜೆ, ಶೇಂಗಾ, ತೊಗರಿ, ಸೂರ್ಯಕಾಂತಿ, ಮೆಕ್ಕೆಜೋಳ, ಹೆಸರು ಇದ್ದರೆ ಸಮಾನವಾದವು 3, ಒಟ್ಟು 8, ಸಾಮೀಪ್ಯ 0.375. ಎರಡರಲ್ಲಿಯೂ ಇಲ್ಲದ ಬೆಳೆಗಳನ್ನು ಎಣಿಸಬಾರದು. ಕುಷ್ಟಗಿಯಲ್ಲಿಯೂ ಕಾಫಿ ಇಲ್ಲ, ಗಂಗಾವತಿಯಲ್ಲಿಯೂ ಕಾಫಿ ಇಲ್ಲ ಎಂಬುದರಿಂದ ಅವೆರಡೂ ಹತ್ತಿರವಾಗುವುದಿಲ್ಲ. ಹತ್ತು ಗುಂಟೆಯ ಬೆಳೆಗೂ ನೂರು ಎಕರೆಯ ಬೆಳೆಗೂ ಈ ಸೂಚ್ಯಂಕ ಒಂದೇ ತೂಕ ಕೊಡುತ್ತದೆ ಎಂಬುದೂ ನೆನಪಿರಲಿ.

ಎಷ್ಟು ಹತ್ತಿರವಾದರೆ ಸಮ?

ತಳಿ ಪ್ರಯೋಗದ ಕೋಷ್ಟಕಗಳ ಕೆಳಗೆ ‘ಸಿ.ಡಿ.’ ಎಂಬ ಒಂದು ಅಂಕಿ ಇರುತ್ತದೆ. ಓದುಗರು ಹೆಚ್ಚಾಗಿ ಬಿಟ್ಟುಬಿಡುವ ಈ ಅಂಕಿಯೇ ಕೋಷ್ಟಕದ ಕೀಲಿ. ಮೂರು ತಳಿಗಳು ಎಕರೆಗೆ 24, 25.5 ಮತ್ತು 29 ಕ್ವಿಂಟಾಲ್ ಕೊಟ್ಟು ಸಿ.ಡಿ. 2.2 ಇದೆಯೆನ್ನಿ. ಮೊದಲ ಎರಡರ ವ್ಯತ್ಯಾಸ 1.5, ಇದು 2.2ಕ್ಕಿಂತ ಕಡಿಮೆಯಾದ್ದರಿಂದ ಮಣ್ಣಿನ ಏರುಪೇರು, ಆಕಸ್ಮಿಕಗಳಿಂದಲೂ ಇಷ್ಟು ವ್ಯತ್ಯಾಸ ಬಂದಿರಬಹುದು. ಎರಡನೆಯದೇ ಉತ್ತಮವೆಂದು ಹೆಚ್ಚು ಬೆಲೆಯ ಬೀಜ ಕೊಳ್ಳಲು ಈ ಪ್ರಯೋಗ ಆಧಾರವಾಗದು. ಮೂರನೆಯದು ಮಾತ್ರ ಉಳಿದೆರಡಕ್ಕಿಂತ ಬೇರೆ.

ಅಷ್ಟಕ್ಕೇ ಮೊದಲ ಎರಡು ತಳಿಗಳು ಸಮಾನವೆಂದು ಸಿದ್ಧವಾಯಿತೆಂದು ತಿಳಿಯಬಾರದು. ಪುನರಾವರ್ತನೆಗಳು ಕಡಿಮೆಯಿದ್ದರೆ ಸಿ.ಡಿ. ದೊಡ್ಡದಾಗಿ, ನಿಜವಾದ ವ್ಯತ್ಯಾಸವೂ ಅದರೊಳಗೆ ಅಡಗಿಹೋಗುತ್ತದೆ. ಪುನರಾವರ್ತನೆಗಳನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಸಿ.ಡಿ. ಸುಮಾರು ಅರ್ಧಕ್ಕಿಳಿಯುತ್ತದೆ. ಒಬ್ಬ ರೈತರ ಒಂದೇ ಪ್ರಾತ್ಯಕ್ಷಿಕೆಯಲ್ಲಿ ಪುನರಾವರ್ತನೆಯೇ ಇಲ್ಲದ ಕಾರಣ ಸಿ.ಡಿ.ಯೂ ಇಲ್ಲ, ಅದು ನೋಡಿ ಕಲಿಯಲು ಉಪಯುಕ್ತ, ತಳಿಗಳ ತೀರ್ಪಿಗೆ ಸಾಲದು.

ಬೆಳೆ ವಿಮೆಯಲ್ಲಿ ಸಾಮೀಪ್ಯ

ಸಾಮೀಪ್ಯದ ಪ್ರಶ್ನೆ ನೇರವಾಗಿ ಹಣವಾಗುವುದು ಇಲ್ಲಿ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ವಿಮಾ ಘಟಕ. ಹಿಂದಿನ 7 ವರ್ಷಗಳಲ್ಲಿ ಉತ್ತಮವಾದ 5 ವರ್ಷಗಳ ಸರಾಸರಿ ಇಳುವರಿಯನ್ನು ಪರಿಹಾರ ಮಟ್ಟದಿಂದ ಗುಣಿಸಿ ಪ್ರಾರಂಭಿಕ ಇಳುವರಿಯನ್ನು ನಿಗದಿಪಡಿಸುತ್ತಾರೆ. ಆ ವರ್ಷದ ಬೆಳೆ ಕಟಾವು ಪ್ರಯೋಗಗಳ ಸರಾಸರಿ ಅದಕ್ಕಿಂತ ಎಷ್ಟು ಶೇಕಡಾ ಕಡಿಮೆಯೋ, ವಿಮಾ ಮೊತ್ತದ ಅಷ್ಟು ಶೇಕಡಾ ಪರಿಹಾರ. ಪ್ರಾರಂಭಿಕ ಇಳುವರಿ ಎಕರೆಗೆ 10 ಕ್ವಿಂಟಾಲ್ ಇದ್ದು ಪ್ರಯೋಗಗಳ ಸರಾಸರಿ 7 ಬಂದರೆ ಪರಿಹಾರ ಶೇ. 30. ನಿಮ್ಮ ಹೊಲದಲ್ಲಿ 3 ಕ್ವಿಂಟಾಲ್ ಬಂದಿದ್ದರೂ ನಿಮಗೆ ಶೇ. 30, ನೆರೆಯವರಿಗೆ 11 ಬಂದಿದ್ದರೂ ಅವರಿಗೂ ಶೇ. 30.

ಪಂಚಾಯಿತಿಗೆ ಒಂದು ಮುಖ್ಯ ಬೆಳೆಗೆ ಕನಿಷ್ಠ 4 ಪ್ರಯೋಗಗಳು. ಪ್ರತಿ ಪ್ರಯೋಗದ ತಾಕು ಸಾಮಾನ್ಯವಾಗಿ 5 ಮೀಟರ್ ಉದ್ದ, 5 ಮೀಟರ್ ಅಗಲ, ಅಂದರೆ 25 ಚದರ ಮೀಟರ್. ಎಕರೆಯಲ್ಲಿ ಅಂತಹ ತಾಕುಗಳು ಸುಮಾರು 162 ಆಗುತ್ತವೆ. ತಾಕಿನ ತೂಕದಲ್ಲಿ 1 ಕಿ.ಗ್ರಾಂ. ಹೆಚ್ಚುಕಡಿಮೆಯಾದರೆ ಆ ಪ್ರಯೋಗದ ಎಕರೆವಾರು ಲೆಕ್ಕದಲ್ಲಿ 162 ಕಿ.ಗ್ರಾಂ. ಏರುಪೇರು. ಆದ್ದರಿಂದ ಕಟಾವಿನ ದಿನ ಗ್ರಾಮಸ್ಥರು ಹಾಜರಿದ್ದು ಹಗ್ಗದ ಅಳತೆ, ತಾಕಿನ ಸ್ಥಳ, ತೂಕಗಳನ್ನು ಗಮನಿಸುವುದು ತಕರಾರಿಗಾಗಿ ಅಲ್ಲ, ಲೆಕ್ಕದ ಶುದ್ಧಿಗಾಗಿ. ತಾಕನ್ನು ಯಾದೃಚ್ಛಿಕವಾಗಿ ಆರಿಸುತ್ತಾರೆ. ಬೆಳೆ ಕೆಟ್ಟ ಮೂಲೆಗೆ ಅದನ್ನು ಸರಿಸಿರೆಂದು ಒತ್ತಾಯಿಸಬೇಡಿ: ಇಂದು ತಗ್ಗಿಸಿದ ಇಳುವರಿ ಮುಂದಿನ ವರ್ಷಗಳ ಸರಾಸರಿಯೊಳಗೂ ಸೇರಿ ನಿಮ್ಮ ಪ್ರಾರಂಭಿಕ ಇಳುವರಿಯನ್ನೇ ತಗ್ಗಿಸಬಹುದು.

ನಿಮ್ಮ ಹೊಲವೊಂದೇ ಪಂಚಾಯಿತಿಯ ಸರಾಸರಿಯಿಂದ ದೂರ ಸರಿಯುವಂತೆ ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಕೋಪ ಸಂಭವಿಸಿದರೆ ಹೊಲವಾರು ಸಮೀಕ್ಷೆಗೆ ಅವಕಾಶವಿದೆ. ಅದಕ್ಕಾಗಿ 72 ಗಂಟೆಗಳೊಳಗೆ ಸೂಚನೆ ನೀಡಬೇಕು.

ಹೋಲಿಕೆಗೆ ಸಿದ್ಧತೆ

ಮೊದಲು ಬೆಳೆಯನ್ನು ನಿರ್ಧರಿಸಿ, ಆ ಬೆಳೆಗೆ ಮುಖ್ಯವಾದ ಎರಡು ಮೂರು ಗುಣಗಳನ್ನು ಮಾತ್ರ ಆರಿಸಿಕೊಳ್ಳಿ. ನೀರಾವರಿಯ ಮೂಲ ಬೇರೆಯಾಗಿದ್ದರೆ ಉಳಿದ ಲೆಕ್ಕಕ್ಕೆ ಕೈಹಾಕುವ ಅಗತ್ಯವಿಲ್ಲ. ಕಾಲುವೆಯ ಹೊಲವನ್ನು ಕಾಲುವೆಯ ಹೊಲದೊಡನೆ, ಮಳೆಯಾಶ್ರಿತವನ್ನು ಮಳೆಯಾಶ್ರಿತದೊಡನೆ ಇಡಿ. ಎರಡೂ ಹೊಲಗಳ ಮಣ್ಣಿನ ಮಾದರಿಗಳನ್ನು ಒಂದೇ ಹಂಗಾಮಿನಲ್ಲಿ, ಬೆಳೆ ಕೊಯ್ಲಾದ ಮೇಲೆ, ಗೊಬ್ಬರ ಹಾಕುವ ಮೊದಲು, ಒಂದೇ ಆಳದಿಂದ ತೆಗೆಯಿರಿ. ಧಾನ್ಯದ ಬೆಳೆಗಳಿಗೆ 15 ಸೆಂ.ಮೀ. ಸಾಕು; ದಾಳಿಂಬೆಯಂತಹ ತೋಟಕ್ಕೆ ಇನ್ನೂ ಆಳದ ಪದರಗಳೂ ಬೇಕು. ಮರದ ನೆರಳು, ಬದುವಿನ ಅಂಚು, ತಿಪ್ಪೆಯ ಜಾಗಗಳನ್ನು ಬಿಡಿ. ಎರಡೂ ಮಾದರಿಗಳನ್ನು ಒಂದೇ ಪ್ರಯೋಗಾಲಯಕ್ಕೆ ಕೊಡಿ. ಮಣ್ಣಿನ ವಾಹಕತೆಯನ್ನು ಸಂತೃಪ್ತ ದ್ರಾವಣದಲ್ಲಿ ಅಳೆದ ವರದಿಯನ್ನು, ಹೆಚ್ಚು ನೀರು ಬೆರೆಸಿದ ದ್ರಾವಣದಲ್ಲಿ ಅಳೆದ ವರದಿಯೊಡನೆ ಹೋಲಿಸಿದರೆ ಅಂಕಿಗಳು ಬಹಳ ಬೇರೆ ಕಾಣುತ್ತವೆ. ಯಾವ ವಿಧಾನದಲ್ಲಿ ಅಳೆದರೆಂಬುದನ್ನು ವರದಿಯ ಮೇಲೆಯೇ ಬರೆಸಿಕೊಳ್ಳಿ.

ಹೊಸ ತಳಿಯನ್ನು ಮೊದಲ ವರ್ಷ ಹೊಲದ ಒಂದು ಭಾಗದಲ್ಲಿ ಮಾತ್ರ, ನಿಮ್ಮ ಹಳೆಯ ತಳಿಯ ಪಟ್ಟಿಗಳೊಡನೆ ಸರದಿಯಾಗಿ ಬಿತ್ತಿ, ಪ್ರತಿಯೊಂದು ಪಟ್ಟಿಯ ಇಳುವರಿಯನ್ನು ಪ್ರತ್ಯೇಕವಾಗಿ ತೂಗಿ ಬರೆದಿಡಿ. ಆ ಅಂಕಿಗಳನ್ನೂ ಮಣ್ಣು ಪರೀಕ್ಷೆಯ ವರದಿಯನ್ನೂ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ತಂದರೆ, ಮೇಲೆ ಹೇಳಿದ ಅಂತರದ ಲೆಕ್ಕಗಳನ್ನು ಅಲ್ಲಿಯ ತಜ್ಞರೊಡನೆ ಕುಳಿತು ಮಾಡಬಹುದು.